ನಿರೀಕ್ಷಣಾ ಕೊಠಡಿಯಲ್ಲಿ ಕುಳಿತವರಿಗೆ: ಕಷ್ಟಕಾಲದಲ್ಲಿ ದೇವರ ನಂಬಿಗಸ್ತಿಕೆಯನ್ನು ಹಿಡಿದುಕೊಳ್ಳುವ ದಾರಿ

ಅಮ್ಮನಿಗೆ ಡಯಾಲಿಸಿಸ್ ಮಾಡಿಸುತ್ತಿದ್ದ ಕಡೆ ಹೊರಗೆ ಒಂದು ಕೋಣೆಯಿತ್ತು. ಬಾಗಿಲ ಮೇಲೆ ನೀಲಿ ಬೋರ್ಡು: ‘ನಿರೀಕ್ಷಣಾ ಕೊಠಡಿ’. ವಾರಕ್ಕೆ 3 ದಿನ, ಒಂದೊಂದು ಸಲವೂ 4 ಗಂಟೆ, ಹೀಗೆ 19 ತಿಂಗಳು ನಾನು ಆ ಬೋರ್ಡಿನ ಕೆಳಗೆ ಕುಳಿತಿದ್ದೆ. ಮೊದಲ ಆರೇಳು ತಿಂಗಳು ಅದರಲ್ಲಿ ಏನು ಬರೆದಿದೆ ಎಂದು ನೋಡಿರಲೂ ಇಲ್ಲ. ಒಂದು ಮಧ್ಯಾಹ್ನ ಫೋನಿನ ಚಾರ್ಜು ಮುಗಿದು ಬೇರೇನೂ ಮಾಡಲು ತೋಚದೆ ತಲೆಯೆತ್ತಿದಾಗ ಆ ಪದ ಕಣ್ಣಿಗೆ ಬಿತ್ತು. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ‘ನಂಬಿಕೆ, ನಿರೀಕ್ಷೆ, ಪ್ರೀತಿ’ ಎಂದು ಓದುತ್ತೇವಲ್ಲ, ಅದೇ ನಿರೀಕ್ಷೆ. ಅಷ್ಟು ವರ್ಷ ಅದನ್ನು ಬಾಯಲ್ಲಿ ಹೇಳುತ್ತಾ ಬಂದಿದ್ದರೂ, ಅದರ ಅರ್ಥ ಕಾಯುವುದು ಎಂದು ನನಗೆ ಹೊಳೆದಿದ್ದು ಆ ಬೆಂಚಿನ ಮೇಲೆ.

ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಹಾಗೆಯೇ. ಕಾಯುವುದಕ್ಕೂ ನಿರೀಕ್ಷಿಸುವುದಕ್ಕೂ ಅಲ್ಲಿ ಒಂದೇ ಪದ ಸಾಕು. ಅಂದರೆ ಸತ್ಯವೇದ (ಬೈಬಲ್) ಹೇಳುವ ನಿರೀಕ್ಷೆ ಮನಸ್ಸು ಹಗುರಾಗಿರುವ ಸ್ಥಿತಿಯ ಹೆಸರಲ್ಲ. ಮನಸ್ಸು ಭಾರವಾಗಿದ್ದಾಗಲೂ ಒಬ್ಬರಿಗಾಗಿ ಎದ್ದು ಹೋಗದೆ ಕಾಯುವ ಕೆಲಸ ಅದು. ಕೆಲಸವಾದ್ದರಿಂದ ಕಲಿಯಬಹುದು, ಅಭ್ಯಾಸ ಮಾಡಬಹುದು.

ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಆ 19 ತಿಂಗಳಲ್ಲಿ ನನಗೆ ಕೈಗೋಲಾದದ್ದನ್ನು, ನಾನು ಎಡವಿದ್ದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕಾಯಿಲೆ, ಸಾಲ, ಕೆಲಸ ಹೋಗಿದ್ದು, ಮುರಿದ ಮದುವೆ, ನಿಮ್ಮ ಕಷ್ಟ ಯಾವುದೇ ಇರಲಿ, ಕೊನೆ ಕಾಣದ ಕಷ್ಟವಾಗಿದ್ದರೆ ಇದು ನಿಮಗೆ.

1. ಮೊದಲು ಉಣ್ಣಿ, ಮಲಗಿ

ಪ್ರಾರ್ಥನೆಯಿಂದ ಆರಂಭಿಸಿ ಎಂದು ಹೇಳುತ್ತೇನೆಂದುಕೊಂಡಿರಬಹುದು. ಒಂದನೆಯ ಅರಸುಗಳು 19ನೇ ಅಧ್ಯಾಯವನ್ನು ಓದಿ ನೋಡಿ. ಪ್ರವಾದಿ ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳುತ್ತಾನೆ. ದೇವರು ಅವನಿಗೆ ಬುದ್ಧಿ ಹೇಳಲಿಲ್ಲ, ನಿನ್ನ ನಂಬಿಕೆ ಎಲ್ಲಿ ಹೋಯಿತು ಎಂದು ಗದರಲಿಲ್ಲ. ಅವನು ನಿದ್ದೆ ಹೋದ. ದೇವದೂತನು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಕುಡಿದ, ಮತ್ತೆ ಮಲಗಿದ. ದೂತನು ಎರಡನೆಯ ಸಲ ಬಂದು ಎಬ್ಬಿಸಿ, ಇನ್ನೂ ತಿನ್ನು, ದಾರಿ ದೂರವಿದೆ ಎಂದ. ದೇವರ ಮಾತು ಕೇಳಿಸುವುದು ಆಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಹಾಗಾಗಿ ಇವತ್ತು ರಾತ್ರಿ ಇನ್ನೇನೂ ಆಗದಿದ್ದರೂ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ, ಒಂದು ಉಪ್ಪಿನಕಾಯಿ ಹೋಳು. ಫೋನು ಬೇರೆ ಕೋಣೆಯಲ್ಲಿಟ್ಟು ಮಲಗಿ. ರೋಗಿಯನ್ನು ನೋಡಿಕೊಳ್ಳುವವರಾಗಿದ್ದರೆ ವಾರದಲ್ಲಿ ಒಂದು ರಾತ್ರಿಯಾದರೂ ಬೇರೆಯವರನ್ನು ಕೂರಿಸಿ ನಿದ್ದೆ ಮಾಡಿ. ನಾನು ಮೊದಲ 4 ತಿಂಗಳು ಹಾಗೆ ಮಾಡಲಿಲ್ಲ. ಆಗ ನನಗೆ ದೇವರ ಮೇಲೆ ಬಂದಿದ್ದ ಕೋಪದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನಿದ್ದೆಗೆಟ್ಟ ಸಿಟ್ಟು ಎಂದು ಈಗ ಗೊತ್ತಾಗುತ್ತದೆ.

ಎಲೀಯನ ಹಾಗೆ ನಿಮಗೂ ಬದುಕು ಸಾಕು ಎನಿಸುತ್ತಿದ್ದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. 14416, ಇದು ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಯಾವಾಗಲೂ ಕನ್ನಡದಲ್ಲಿ ಮಾತಾಡಬಹುದು. ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುವುದು ನಂಬಿಕೆಯ ಕೊರತೆಯಲ್ಲ. ಎಲೀಯನ ತಲೆಯ ಹತ್ತಿರ ಇಟ್ಟಿದ್ದ ರೊಟ್ಟಿಯ ಹಾಗೆ ಅದನ್ನೂ ದೇವರ ಕೈಯಿಂದಲೇ ತೆಗೆದುಕೊಳ್ಳಬಹುದು.

2. ದೇವರ ಮುಂದೆ ಅಕ್ಷರಮಾಲೆ ಹಿಡಿದು ಅಳಿ

ಈ ಹಂತದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ನಮ್ಮ ಸಭೆಗಳಲ್ಲಿ ಇದನ್ನು ಕಲಿಸುವವರು ಕಡಿಮೆ. ಸಾಕ್ಷಿ ಹೇಳುವುದನ್ನು ಕಲಿಸುತ್ತೇವೆ, ಸ್ತೋತ್ರ ಹೇಳುವುದನ್ನು ಕಲಿಸುತ್ತೇವೆ. ‘ಸ್ತೋತ್ರ’ ಎನ್ನಲು ಬಾಯಿ ಬಾರದವರು ಏನು ಹೇಳಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ.

ಸತ್ಯವೇದ ಹೇಳಿಕೊಡುತ್ತದೆ. ಅದರ ಹಾಡುಗಳ ಪುಸ್ತಕದಲ್ಲಿರುವ 150 ಕೀರ್ತನೆಗಳಲ್ಲಿ ಬೇರೆಲ್ಲ ಬಗೆಗಿಂತ ಹೆಚ್ಚಾಗಿರುವುದು ಮೊರೆಯ ಕೀರ್ತನೆಗಳು. 13ನೇ ಕೀರ್ತನೆಯಲ್ಲಿ ಇರುವುದೇ 6 ವಚನ. ಅದರಲ್ಲಿ ಮೊದಲ ಎರಡರಲ್ಲೇ ‘ಎಷ್ಟರವರೆಗೆ’ ಎಂಬ ಪ್ರಶ್ನೆ 4 ಸಲ. 88ನೇ ಕೀರ್ತನೆಯಂತೂ ಕೊನೆಯವರೆಗೂ ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸತ್ಯವೇದದಿಂದ ಯಾರೂ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸುವಿನ ಬಾಯಲ್ಲಿ ಬಂದದ್ದೂ ಒಂದು ಮೊರೆಯ ಕೀರ್ತನೆಯೇ, 22ನೆಯದು: ನನ್ನ ದೇವರೇ, ಯಾಕೆ ಕೈಬಿಟ್ಟೆ? ಕೈಬಿಟ್ಟೆ ಎಂದು ದೂರುವಾಗಲೂ ‘ನನ್ನ ದೇವರೇ’ ಎಂದು ಕರೆದರಲ್ಲ, ಆ ‘ನನ್ನ’ ಎಂಬ ಒಂದು ಪದ ಹಿಡಿದುಕೊಂಡರೆ ಸಾಕು.

ಇನ್ನು ಪ್ರಲಾಪಗಳು. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನು ಮುತ್ತಿ, ಹಸಿವಿನಿಂದ ಒಣಗಿಸಿ, ದೇವಾಲಯವನ್ನು ಸುಟ್ಟು, ಜನರನ್ನು ಸೆರೆ ಒಯ್ದ ಮೇಲೆ ಹುಟ್ಟಿದ ಪುಸ್ತಕ. 5 ಅಧ್ಯಾಯ. ನಮ್ಮ ಕನ್ನಡ ಸತ್ಯವೇದದಲ್ಲಿ ಓದುವಾಗ ಕಣ್ಣಿಗೆ ಬೀಳದ ಒಂದು ಸಂಗತಿ ಅದರ ಮೂಲದಲ್ಲಿದೆ. ಹೀಬ್ರೂ ಅಕ್ಷರಮಾಲೆಯಲ್ಲಿ 22 ಅಕ್ಷರ. ಮೊದಲ, ಎರಡನೆಯ, ನಾಲ್ಕನೆಯ ಅಧ್ಯಾಯಗಳಲ್ಲಿ 22 ವಚನ, ಒಂದೊಂದು ವಚನ ಒಂದೊಂದು ಅಕ್ಷರದಿಂದ ಕ್ರಮವಾಗಿ ಶುರುವಾಗುತ್ತದೆ. ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66. ಐದನೆಯದರಲ್ಲಿ 22 ವಚನಗಳಿವೆ, ಆದರೆ ಅಕ್ಷರದ ಕ್ರಮ ಬಿಟ್ಟುಹೋಗಿದೆ.

ಊರು ಸುಟ್ಟುಹೋದವನು ಕುಳಿತು ಅಕ್ಷರ ಹೊಂದಿಸಿದ್ದು ಯಾಕೆ? ನನಗೆ ತೋಚುವುದು ಇಷ್ಟು: ದುಃಖಕ್ಕೆ ದಡ ಇರುವುದಿಲ್ಲ. ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ತಿಳಿಯುವುದಿಲ್ಲ. ಅಕ್ಷರಮಾಲೆ ಅದಕ್ಕೆ ದಡ ಕಟ್ಟುತ್ತದೆ. ಮೊದಲಕ್ಷರದಿಂದ ಕೊನೆಯಕ್ಷರದವರೆಗೆ ಎಲ್ಲವನ್ನೂ ಹೇಳಿಬಿಟ್ಟೆ ಎಂಬ ಸಮಾಧಾನವನ್ನೂ ಕೊಡುತ್ತದೆ, ಇವತ್ತಿಗೆ ಇಲ್ಲಿಗೆ ನಿಲ್ಲಿಸು ಎಂದೂ ಹೇಳುತ್ತದೆ.

ನಮಗೂ ಅಕ್ಷರಮಾಲೆ ಇದೆಯಲ್ಲ. ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಅಂಚಿನಲ್ಲಿ ಒಂದರ ಕೆಳಗೊಂದು ಅ ಆ ಇ ಈ ಬರೆಯಿರಿ; ವ್ಯಂಜನಗಳವರೆಗೆ ಹೋಗಬೇಕಾಗಿಲ್ಲ, ಸ್ವರಗಳು ಸಾಕು. ಪ್ರತಿ ಅಕ್ಷರದಿಂದ ಒಂದು ಸಾಲು ದೇವರಿಗೆ ಬರೆಯಿರಿ. ಚೆನ್ನಾಗಿರಬೇಕಿಲ್ಲ, ಯಾರಿಗೂ ತೋರಿಸಬೇಕಿಲ್ಲ. ನಿಜವಾಗಿದ್ದರೆ ಸಾಕು. ನಾನು ಆ ಬೆಂಚಿನ ಮೇಲೆ ಬರೆದದ್ದು ಹೀಗಿತ್ತು:

ಅಮ್ಮನ ಕೈ ನೋಡು ಕರ್ತನೇ, ಸೂಜಿ ಚುಚ್ಚಲು ಇನ್ನು ಜಾಗವಿಲ್ಲ.
ಆಟಿಯ ಮಳೆಯಲ್ಲಿ ಕೇಳಿದ್ದೆ, ಈಗ ಬಿಸಿಲು ಬಂತು, ನೀನು ಮಾತಾಡಲಿಲ್ಲ.
ಇನ್ನೆಷ್ಟು ದಿನ?
ಈ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಹೋದ ವಾರದಿಂದ ಕಾಣುತ್ತಿಲ್ಲ, ವಿಚಾರಿಸಲು ಹೆದರಿಕೆ.
ಉತ್ತರ ಬೇಡ, ಒಮ್ಮೆ ಬಂದು ಅವರ ಜಾಗದಲ್ಲಿ ಕೂರು.
ಊರೆಲ್ಲ ಮಲಗಿದಾಗ ನೀನು ತೂಕಡಿಸುವುದಿಲ್ಲವಂತೆ. ಹಾಗಾದರೆ ನಮ್ಮಿಬ್ಬರಿಗೂ ನಿದ್ದೆಯಿಲ್ಲ.
ಋಣ ಎಷ್ಟಾಯಿತೆಂದು ಕೂಡಿಸಿ ನೋಡಲು ಧೈರ್ಯವಿಲ್ಲ.

‘ಔ’ ಅಕ್ಷರಕ್ಕೆ ಬರುವಷ್ಟರಲ್ಲಿ ನರ್ಸ್ ಕರೆದರು. ಆ ಸಾಲು ಖಾಲಿ ಉಳಿಯಿತು.

ಆರನೆಯ ಸಾಲು ನೋಡಿ. ನಾನು ದೂರು ಹೇಳಲು ಹೊರಟಿದ್ದೆ. ಊ ಅಕ್ಷರಕ್ಕೆ ಬಂದಾಗ ನನಗೇ ತಿಳಿಯದೆ 121ನೇ ಕೀರ್ತನೆ ಒಳಗೆ ನುಸುಳಿತ್ತು. ಪ್ರಲಾಪಗಳಲ್ಲೂ ಹೀಗೆಯೇ ಆಗಿದೆ. ಕಹಿಯನ್ನು, ಮಾಚಿಪತ್ರೆಯನ್ನು, ಮುರಿದ ಹಲ್ಲನ್ನು ಹೇಳುತ್ತಾ ಹೇಳುತ್ತಾ ಬಂದ ಕವಿ ಮೂರನೆಯ ಅಧ್ಯಾಯದಲ್ಲಿ ಒಮ್ಮೆ ತಡೆದು, ಇದನ್ನು ನೆನೆದು ನಿರೀಕ್ಷಿಸುತ್ತೇನೆ ಎನ್ನುತ್ತಾನೆ. ದೇವರ ಕರುಣೆ ಮುಗಿದುಹೋಗಿಲ್ಲ, ದಿನದಿನವೂ ಬೆಳಗಾಗುವಾಗ ಅದು ಹೊಸದು, ನಿನ್ನ ನಂಬಿಗಸ್ತಿಕೆ ದೊಡ್ಡದು ಎನ್ನುವ ಆ ಮಾತುಗಳು 22, 23ನೇ ವಚನಗಳಲ್ಲಿವೆ. ನಾವು ಅವನ್ನು ಕ್ಯಾಲೆಂಡರಿನಲ್ಲಿ, ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಹೂವಿನ ಚಿತ್ರದ ಜೊತೆ ನೋಡಿದ್ದೇವೆ. ಪುಸ್ತಕದಲ್ಲಿ ಅವು ಇರುವುದು ನಡುವಿನಲ್ಲಿ. ಅವುಗಳ ನಂತರವೂ ಕಣ್ಣೀರಿದೆ, ಹಸಿವಿದೆ, ಪುಸ್ತಕ ಮುಗಿಯುವುದು ನಮ್ಮನ್ನು ಪೂರ್ತಿ ತಳ್ಳಿಬಿಟ್ಟೆಯಾ ಎಂಬ ಸಂಕಟದಲ್ಲಿ. ನಿರೀಕ್ಷೆಯ ಮಾತು ಹೇಳಿದ ಮರುದಿನ ನೀವು ಮತ್ತೆ ಅತ್ತರೆ ನಿರೀಕ್ಷೆ ಸುಳ್ಳಾಯಿತೆಂದು ತಿಳಿಯಬೇಡಿ.

ಅಲ್ಲಿ ‘ನಂಬಿಗಸ್ತಿಕೆ’ ಎನ್ನುವುದಕ್ಕೆ ಇರುವ ಹೀಬ್ರೂ ಪದವೂ ನಾವು ಪ್ರಾರ್ಥನೆಯ ಕೊನೆಗೆ ಹೇಳುವ ‘ಆಮೆನ್’ ಎಂಬುದೂ ಒಂದೇ ಬೇರಿನವು. ಅಲ್ಲಾಡದೆ ಗಟ್ಟಿಯಾಗಿ ನಿಂತಿರುವುದು ಎಂಬುದು ಆ ಬೇರಿನ ಅರ್ಥ. ಬರೆದದ್ದರ ಕೆಳಗೆ ಬೇರೇನೂ ಬರೆಯಲಾಗದಿದ್ದರೆ ‘ಆಮೆನ್’ ಎಂದು ಬರೆದು ಮುಚ್ಚಿಡಿ.

3. ಕಾರಣ ಹುಡುಕುವವರಿಗೆ ಬಾಗಿಲು ಅರ್ಧ ತೆರೆಯಿರಿ

ಕಷ್ಟ ಬಂದ ಮನೆಗೆ ಕಾರಣ ತಿಳಿದವರು ಬಂದೇ ಬರುತ್ತಾರೆ. ಮನೆಯಲ್ಲಿ ಯಾವುದೋ ಪಾಪ ಇರಬೇಕು, ಅರಿಕೆ ಮಾಡಿ. ನಿಮ್ಮ ನಂಬಿಕೆ ಸಾಲದು. ದಶಮಾಂಶ (ಆದಾಯದ ಹತ್ತರಲ್ಲೊಂದು ಪಾಲು) ಸರಿಯಾಗಿ ಕೊಟ್ಟಿದ್ದೀರಾ? ಇವೆಲ್ಲವನ್ನೂ ನಾನು ಕೇಳಿಸಿಕೊಂಡಿದ್ದೇನೆ, ಅದೂ ಅಮ್ಮನಿಗೆ ಕೇಳುವಷ್ಟು ಹತ್ತಿರದಲ್ಲಿ.

ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು 7 ಹಗಲು 7 ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳತೊಡಗಿದ ಮೇಲೆ ಕೆಟ್ಟಿತು, ಕೊನೆಯಲ್ಲಿ ದೇವರು ಅವರ ಮೇಲೆಯೇ ಸಿಟ್ಟಾದರು. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರನ್ನೂ ಬಿಡುಗಡೆ ಮಾಡಿದರು. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಬೇರೆಯವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದರು.

ಇಂಥವರು ಬಂದಾಗ ವಾದಕ್ಕಿಳಿಯುವ ಶಕ್ತಿ ನಿಮಗಿರುವುದಿಲ್ಲ. ಒಂದು ವಾಕ್ಯ ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ನಾನು ಹೇಳುತ್ತಿದ್ದದ್ದು: ‘ಅಕ್ಕಾ, ಒಂದು ಕೀರ್ತನೆ ಓದಿ ಹೋಗಿ. ಬೇರೆ ಮಾತು ಅಮ್ಮನಿಗೆ ಈಗ ತಡೆಯುವುದಿಲ್ಲ.’ ಹೆಚ್ಚಿನವರು ಒಪ್ಪುತ್ತಿದ್ದರು.

ಆದರೆ ಒಂದು ವಿಷಯದಲ್ಲಿ ಬಾಗಿಲು ಪೂರ್ತಿ ಮುಚ್ಚಿ. ಔಷಧಿ ನಿಲ್ಲಿಸಿ, ನಂಬಿಕೆಯಿಂದ ವಾಸಿಯಾಗುತ್ತದೆ ಎನ್ನುವವರು ಯಾರೇ ಆಗಿರಲಿ, ಎಷ್ಟೇ ದೊಡ್ಡ ಕೂಟ ನಡೆಸುವವರಾಗಿರಲಿ, ಅವರ ಮಾತು ಕೇಳಬೇಡಿ. ವಾಸಿಯಾಗಲು ಇಷ್ಟು ಕಾಣಿಕೆ ಕೊಡಿ ಎನ್ನುವವರದೂ ಬೇಡ. ಸುವಾರ್ತೆಗಳಲ್ಲಿ ಯೇಸು ಗುಣಪಡಿಸಿದ ಒಬ್ಬರ ಹತ್ತಿರವೂ ಕಾಸು ಕೇಳಿದ್ದಿಲ್ಲ.

4. ವಾಗ್ದಾನದ ವಚನವನ್ನು ಪೂರ್ತಿ ಓದಿ

ಹೊಸ ವರ್ಷದ ರಾತ್ರಿ ಆರಾಧನೆಯ ಕೊನೆಗೆ ವಾಗ್ದಾನದ ಕಾರ್ಡು ಆರಿಸಿಕೊಳ್ಳುವ ರೂಢಿ ಅನೇಕ ಸಭೆಗಳಲ್ಲಿದೆ. ಆ ವರ್ಷ ನನ್ನ ಕೈಗೆ ಬಂದದ್ದು ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಕೇಡಿನದಲ್ಲ, ಹಿತದ್ದು. ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಎಂಬ ಅರ್ಥದ ಮಾತು. ಅಮ್ಮ ವಾಸಿಯಾಗುತ್ತಾಳೆ ಎಂದೇ ಓದಿಕೊಂಡೆ. ಮಾರ್ಚಿನ ಹೊತ್ತಿಗೆ ರೋಗ ಹೆಚ್ಚಾದಾಗ ಆ ಕಾರ್ಡನ್ನು ಹರಿದು ಹಾಕಿದೆ.

ತಪ್ಪು ವಚನದ್ದಾಗಿರಲಿಲ್ಲ. ನಾನು ಅದರ ಹಿಂದಿನ ಹತ್ತು ಸಾಲು ಓದಿರಲಿಲ್ಲ, ಅಷ್ಟೆ. ಅದು ಒಂದು ಪತ್ರ. ಯೆರೂಸಲೇಮಿನಲ್ಲಿದ್ದ ಯೆರೆಮೀಯ, ಬಾಬೆಲಿಗೆ ಸೆರೆಹೋದವರಿಗೆ ಬರೆದದ್ದು. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎದ್ದು ನಿಂತು, ಎರಡೇ ವರ್ಷ, ಎಲ್ಲರೂ ವಾಪಸು ಬರುತ್ತಾರೆ ಎಂದು ದೇವರ ಹೆಸರಿನಲ್ಲೇ ಹೇಳಿದ್ದ. ಕೇಳಲು ಎಷ್ಟು ಹಿತ! ದೇವರು ಅವನನ್ನು ಕಳುಹಿಸಿರಲಿಲ್ಲ. ಯೆರೆಮೀಯನ ಪತ್ರ ಹೇಳಿದ್ದು 70 ವರ್ಷ. ಅಂದರೆ ಅದನ್ನು ಓದಿದವರಲ್ಲಿ ಬಹುಪಾಲು ಜನ ಊರಿಗೆ ಮರಳುವುದಿರಲಿಲ್ಲ. ಅಂಥವರಿಗೇ ದೇವರು ಒಳ್ಳೆಯ ಗತಿಯ ಮಾತು ಹೇಳಿದ್ದು. ಅಲ್ಲಿಯವರೆಗೆ ಏನು ಮಾಡಬೇಕು? ಮನೆ ಕಟ್ಟಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯಿಟ್ಟ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ.

ಹನನ್ಯನ ಎರಡು ವರ್ಷವೋ ಯೆರೆಮೀಯನ 70 ವರ್ಷವೋ, ನೀವು ನಂಬುತ್ತಿರುವುದು ಯಾವುದು ಎಂದು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ಹೀಗೆ ಮಾಡಿ ನೋಡಿ: ನಿಮಗೆ ಸಿಕ್ಕ ವಾಗ್ದಾನದ ವಚನದ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ. ಯಾರು ಯಾರಿಗೆ ಹೇಳಿದ್ದು ಎಂದು ಪೆನ್ಸಿಲಿನಲ್ಲಿ ಬದಿಗೆ ಬರೆಯಿರಿ. ಆಮೇಲೆ ಒಂದು ಹಾಳೆಯನ್ನು ನಡುವೆ ಮಡಚಿ, ಒಂದು ಕಡೆ ದೇವರು ನಿಜವಾಗಿ ಮಾತು ಕೊಟ್ಟದ್ದನ್ನು, ಇನ್ನೊಂದು ಕಡೆ ನೀವು ಸೇರಿಸಿಕೊಂಡದ್ದನ್ನು ಬರೆಯಿರಿ. ನನ್ನ ಹಾಳೆಯಲ್ಲಿ ಎರಡನೆಯ ಪಟ್ಟಿಯೇ ಉದ್ದವಾಗಿತ್ತು. ಕಿಡ್ನಿ ಸರಿಹೋಗುವುದು, ಸಾಲ ಬೇಗ ತೀರುವುದು, ಅಮ್ಮ ಮೊಮ್ಮಗನ ಮದುವೆ ನೋಡುವುದು. ಇವು ಕೇಳಬಾರದ ಬೇಡಿಕೆಗಳಲ್ಲ. ನಾನು ಕೊನೆಯವರೆಗೂ ಕೇಳಿದೆ. ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನೂ ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಮೂರು ಸಲ ಕೇಳಿದ. ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು.

ಮೊದಲ ಪಟ್ಟಿ ಚಿಕ್ಕದು. ಲೋಕದಲ್ಲಿ ನಿಮಗೆ ಸಂಕಟ ಉಂಟು, ಅದನ್ನು ಯೇಸು ಮುಚ್ಚಿಡಲಿಲ್ಲ. ಯುಗದ ಸಮಾಪ್ತಿಯವರೆಗೂ ನಿಮ್ಮ ಸಂಗಡ ಇರುತ್ತೇನೆ ಎಂದರು. ಸಾವು ಕೊನೆಯ ಮಾತಲ್ಲ, ಸಮಾಧಿಯಿಂದ ಎದ್ದ ಕ್ರಿಸ್ತನ ಹಿಂದೆ ನಾವೂ ಏಳುತ್ತೇವೆ. ನಮ್ಮ ನಿರೀಕ್ಷೆಯ ತೂಕವೆಲ್ಲ ನಿಂತಿರುವುದು ಈ ಕೊನೆಯ ಮಾತಿನ ಮೇಲೆ. ಮೇಲಿನ ಉಳಿದದ್ದನ್ನು ತೆಗೆದರೂ ಇದು ನಿಲ್ಲುತ್ತದೆ, ಇದನ್ನು ತೆಗೆದರೆ ಯಾವುದೂ ನಿಲ್ಲುವುದಿಲ್ಲ. ಒಂದನೆಯ ಕೊರಿಂಥ 15ನೇ ಅಧ್ಯಾಯದಲ್ಲಿ ಪೌಲ ಹೇಳುವುದೂ ಇದನ್ನೇ.

ಆ ಪತ್ರವನ್ನು ನಾನು ಅಮ್ಮನಿಗೆ ಪೂರ್ತಿ ಓದಿ ಹೇಳಿದ ದಿನ ಅವಳು ‘ತೋಟ’ ಎಂಬ ಮಾತನ್ನು ಹಿಡಿದುಕೊಂಡಳು. ಮರುದಿನ ಅಂಗಳದ ಬದಿಯಲ್ಲಿ ಹರಿವೆ ಬಿತ್ತಿದಳು. ಡಯಾಲಿಸಿಸ್‌ನವರಿಗೆ ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ಅಪಾಯ, ಅವಳು ಅದನ್ನು ಮನಸ್ಸಿಗೆ ಬಂದಷ್ಟು ತಿನ್ನುವ ಹಾಗಿರಲಿಲ್ಲ. ಬೆಳೆದದ್ದನ್ನು ಕಟ್ಟು ಕಟ್ಟಿ ನೆರೆಮನೆಗೆ ಕಳುಹಿಸುತ್ತಿದ್ದಳು.

5. ನೆನಪಿನ ಕಲ್ಲುಗಳನ್ನು ಎಣಿಸಿ

ಯೊರ್ದನ್ ದಾಟಿದ ಮೇಲೆ ಇಸ್ರಾಯೇಲರು ನದಿಯ ನಡುವಿನಿಂದ 12 ಕಲ್ಲು ಹೊತ್ತು ತಂದು ನಿಲ್ಲಿಸಿದರು. ಮುಂದೆ ಮಕ್ಕಳು ಇವು ಏನು ಎಂದು ಕೇಳಿದಾಗ ಕಥೆ ಹೇಳಲಿಕ್ಕೆ. ನಮ್ಮ ಮನೆಗಳಲ್ಲೂ ಅಂಥ ಕಲ್ಲುಗಳಿವೆ. ಹಳೆಯ ಸತ್ಯವೇದದ ಮೊದಲ ಖಾಲಿ ಹಾಳೆ ತೆರೆದು ನೋಡಿ: ಹುಟ್ಟಿದ್ದು, ದೀಕ್ಷಾಸ್ನಾನ, ಮದುವೆ, ಸಾವು, ಎಲ್ಲ ದಿನಾಂಕಗಳೂ ಮಸಿ ಮಾಸಿದ ಅಕ್ಷರಗಳಲ್ಲಿ ಇರುತ್ತವೆ. ಆ ದಿನಾಂಕಗಳ ನಡುವೆ ಏನಾಯಿತು ಎಂದು ಹಿರಿಯರನ್ನು ಕೇಳಿ.

ನಮ್ಮ ಅಜ್ಜಿಯ ತಂದೆ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಸಭೆಗಳ ಜೊತೆ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ, ನೇಯ್ಗೆ ಎಲ್ಲವನ್ನೂ ಕಟ್ಟಿತ್ತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದ ಕಳುಹಿಸಿತು. ಕಾರ್ಖಾನೆಗಳೂ ಮಿಷನ್ನಿನ ಕೈತಪ್ಪಿದವು. ಸಂಬಳ ಕೊಡುವವರು, ಬೋಧಿಸುವವರು ಒಟ್ಟಿಗೇ ಇಲ್ಲವಾದರು. ಸಭೆ ಉಳಿಯುತ್ತದೋ ಇಲ್ಲವೋ ಎಂದು ಜನ ಹೆದರಿದ್ದರಂತೆ. ಊರಿನ ಉಪದೇಶಿಗಳು, ಹಿರಿಯರು ಸೇರಿ ಭಾನುವಾರದ ಗಂಟೆ ನಿಲ್ಲದ ಹಾಗೆ ನೋಡಿಕೊಂಡರು ಎಂದು ಅಜ್ಜಿ ಹೇಳುತ್ತಿದ್ದರು. ಆ ಗಂಟೆಯನ್ನು ನಾನು ಈಗಲೂ ಕೇಳುತ್ತೇನೆ.

ನೋಟ್‌ಬುಕ್ಕಿನ ಹಿಂಬದಿಯಿಂದ ಶುರು ಮಾಡಿ ಇಂಥವನ್ನು ಬರೆಯುತ್ತಾ ಬನ್ನಿ, ದಿನಾಂಕ ಹಾಕಿ. ದೊಡ್ಡ ಅದ್ಭುತಗಳಿಗಾಗಿ ಕಾಯಬೇಡಿ. ‘ಇವತ್ತು ಸೂಜಿ ಮೊದಲ ಸಲಕ್ಕೇ ಸಿಕ್ಕಿತು’, ‘ಆಟೋದವರು ಕಾದಿದ್ದಕ್ಕೆ ಕಾಸು ತೆಗೆದುಕೊಳ್ಳಲಿಲ್ಲ’, ಇವೂ ಕಲ್ಲುಗಳೇ. ಬರೆಯಲು ಏನೂ ಇಲ್ಲದ ದಿನ ದಿನಾಂಕ ಮಾತ್ರ ಬರೆದು ಬಿಡಿ. ಸುಳ್ಳು ಕೃತಜ್ಞತೆ ಬೇಡ.

6. ನಿಮಗಾಗಿ ನಂಬುವವರನ್ನು ಹತ್ತಿರ ಇಟ್ಟುಕೊಳ್ಳಿ

ಮಾರ್ಕನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು. ಹೊತ್ತು ತರುವವರ ನಂಬಿಕೆಯೂ ಲೆಕ್ಕಕ್ಕೆ ಬರುತ್ತದೆ.

ಕಷ್ಟದಲ್ಲಿರುವವರು ‘ಪ್ರಾರ್ಥನೆ ಮಾಡಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ, ಬೇರೆ ಕೇಳಲು ಸಂಕೋಚ. ಪೌಲನಿಗೆ ಆ ಸಂಕೋಚವಿರಲಿಲ್ಲ. ಮರಣವನ್ನು ಎದುರು ನೋಡುತ್ತಾ ಸೆರೆಯಲ್ಲಿದ್ದವನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಗೆ, ತ್ರೋವದಲ್ಲಿ ಬಿಟ್ಟುಬಂದ ನನ್ನ ಮೇಲಂಗಿಯನ್ನೂ ಪುಸ್ತಕಗಳನ್ನೂ ತಾ, ಚಳಿಗಾಲಕ್ಕೆ ಮುಂಚೆ ಬಾ ಎನ್ನುತ್ತಾನೆ. ಹಾಗೆ ಕೇಳಿ: ಶುಕ್ರವಾರ ರಾತ್ರಿ ಯಾರಾದರೂ ಆಸ್ಪತ್ರೆಯಲ್ಲಿ ಮಲಗಬಹುದೇ? ಮಗುವನ್ನು ಶಾಲೆಯಿಂದ ಕರೆದುಕೊಂಡು ಬರಬಹುದೇ? ನಾನು ಸ್ತ್ರೀಯರ ಕೂಟದಲ್ಲಿ ಖರ್ಚಿನ ವಿಷಯ ಬಾಯಿಬಿಟ್ಟು ಹೇಳಿದ ಮೇಲೆಯೇ, ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಗುತ್ತದೆ ಎಂದು ಒಬ್ಬರು ಹೇಳಿ, ಜೊತೆಗೇ ಬಂದು ಹೆಸರು ಬರೆಸಿದರು. ಅಷ್ಟು ತಿಂಗಳು ನಾನು ಸುಮ್ಮನೆ ಸಾಲ ಮಾಡಿದ್ದೆ.

ಆರಾಧನೆಗೆ ಹೋಗಲು ಮನಸ್ಸಿಲ್ಲದಿದ್ದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಹಾಡಲಾಗದಿದ್ದರೆ ಬೇರೆಯವರು ಹಾಡುತ್ತಾರೆ. ವಿಶ್ವಾಸ ಪ್ರಮಾಣ ಹೇಳಲಾಗದಿದ್ದರೆ ಆ ವಾರ ಸಭೆ ನಿಮ್ಮ ಪಾಲಿನದನ್ನೂ ಹೇಳುತ್ತದೆ. ಕರ್ತನ ಭೋಜನದಲ್ಲಿ ಕೈಚಾಚಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತೆಗೆದುಕೊಳ್ಳುವುದನ್ನು ಮಾತ್ರ ತಪ್ಪಿಸಬೇಡಿ.

7. ಬೆಳಗ್ಗೆ ಒಂದು ವಾಕ್ಯ, ರಾತ್ರಿ ಒಂದು ವಾಕ್ಯ

ಉದ್ದದ ಪ್ರಾರ್ಥನೆಯ ಕ್ರಮ ಈಗ ಬೇಡ, ಉಳಿಯುವುದಿಲ್ಲ. ಬೆಳಗ್ಗೆ ಕಾಲು ನೆಲಕ್ಕಿಡುವಾಗ ಪ್ರಲಾಪಗಳ ಆ ಮಾತು: ನಿನ್ನ ಕರುಣೆ ಇವತ್ತಿಗೆ ಹೊಸದು. ನಾಳೆಯದನ್ನು ಇವತ್ತು ಕೇಳಬೇಡಿ, ಮರುಭೂಮಿಯಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನವನ್ನು ಮರುದಿನಕ್ಕೆ ಎತ್ತಿಟ್ಟವರಿಗೆ ಅದು ಹುಳ ಬಿದ್ದಿತ್ತು. ರಾತ್ರಿ ದೀಪ ಆರಿಸುವಾಗ 31ನೇ ಕೀರ್ತನೆಯಿಂದ ಯೇಸು ಶಿಲುಬೆಯ ಮೇಲೆ ಹೇಳಿದ್ದು: ನಿನ್ನ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ. ಹಗಲಿನಲ್ಲಿ ಏನೂ ಬಾರದಿದ್ದರೆ ‘ಕರ್ತನೇ, ಕರುಣಿಸು’. ಜಪಸರ ಹಿಡಿಯುವ ಕಥೋಲಿಕ ಗೆಳತಿಯೊಬ್ಬಳು, ಮಾತು ಬಾರದಾಗ ಮಣಿಯೇ ಮಾತಾಡುತ್ತದೆ ಎನ್ನುತ್ತಿದ್ದಳು. ನಿಟ್ಟುಸಿರೂ ಸಾಕು, ಮಾತಿಗೆ ಸಿಗದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಹೇಳುತ್ತದೆ.

8. ಕೇಳಿದ್ದು ಸಿಗದಿದ್ದಾಗ

ಅಮ್ಮ 20ನೇ ತಿಂಗಳಿಗೆ ಕಾಲಿಡುವ ಹೊತ್ತಿಗೆ ತೀರಿಕೊಂಡಳು. ಇದನ್ನು ಮುಚ್ಚಿಟ್ಟು ಈ ಮಾರ್ಗದರ್ಶಿ ಬರೆದರೆ ನಾನೂ ಹನನ್ಯನ ಸಾಲಿಗೆ ಸೇರುತ್ತೇನೆ.

ಮೊದಲ ಕೆಲವು ವಾರ ಈ ಯಾವ ಹಂತವನ್ನೂ ನಾನು ಪಾಲಿಸಲಿಲ್ಲ. ನಿಮಗೂ ಹಾಗಾದರೆ ಬಿಡಿ. ಶುಭಶುಕ್ರವಾರಕ್ಕೂ ಈಸ್ಟರಿಗೂ ನಡುವೆ ಒಂದು ಶನಿವಾರವಿದೆ, ಆ ದಿನದ ಬಗ್ಗೆ ಸುವಾರ್ತೆಗಳು ಹೆಚ್ಚೇನೂ ಹೇಳುವುದಿಲ್ಲ. ಯೇಸುವಿನ ಹಿಂದೆ ಬಂದಿದ್ದ ಸ್ತ್ರೀಯರು ಸಬ್ಬತ್ತಿನ (ವಿಶ್ರಾಂತಿಯ ದಿನದ) ಅಪ್ಪಣೆಯಂತೆ ಸುಮ್ಮನಿದ್ದರು ಎಂದು ಲೂಕ ಬರೆಯುತ್ತಾನೆ. ಸುಗಂಧದ್ರವ್ಯವನ್ನು ಮಾತ್ರ ಸಿದ್ಧ ಮಾಡಿಟ್ಟುಕೊಂಡಿದ್ದರು. ಅವರಿಗೆ ಪುನರುತ್ಥಾನದ ನಿರೀಕ್ಷೆ ಇತ್ತು ಎಂದು ಹೇಳಲಾಗದು, ಸತ್ತವನ ದೇಹಕ್ಕೆ ಹಚ್ಚಲು ಹೊರಟವರು ಅವರು. ಆದರೂ ಬೆಳಗಾಗುವಾಗ ಅವರ ಕಾಲು ಸರಿಯಾದ ಕಡೆಗೇ ನಡೆದಿತ್ತು.

ನಮ್ಮ ಸಭೆಯಲ್ಲಿ ಈಸ್ಟರಿನ ಬೆಳಗಿನ ಜಾವ ಸ್ಮಶಾನದಲ್ಲೇ ಆರಾಧನೆ. ಕತ್ತಲಿರುವಾಗಲೇ ಹೋಗಿ ಮನೆಯವರ ಸಮಾಧಿಗಳ ಹತ್ತಿರ ಮೇಣದಬತ್ತಿ ಹಚ್ಚಿ ನಿಲ್ಲುತ್ತೇವೆ. ಪೂರ್ವದಲ್ಲಿ ಬೆಳಕು ಹರಿಯುವಾಗ ಪಾದ್ರಿಯವರು ‘ಕ್ರಿಸ್ತನು ಎದ್ದಿದ್ದಾನೆ’ ಎನ್ನುತ್ತಾರೆ, ನಾವು ‘ನಿಜವಾಗಿ ಎದ್ದಿದ್ದಾನೆ’ ಎನ್ನುತ್ತೇವೆ. ಅಮ್ಮ ಹೋದ ಮೇಲಿನ ಮೊದಲ ಈಸ್ಟರಿನಲ್ಲಿ ನನ್ನ ದನಿ ಹೊರಡಲಿಲ್ಲ, ಪಕ್ಕದಲ್ಲಿದ್ದ ಅತ್ತೆ ನನ್ನ ಕೈ ಹಿಡಿದು ಗಟ್ಟಿಯಾಗಿ ಹೇಳಿದರು. ಎರಡನೆಯ ವರ್ಷ ನಾನೂ ಹೇಳಿದೆ.

ಅವತ್ತು ಮನೆಗೆ ಬಂದು ನೋಟ್‌ಬುಕ್ ತೆರೆದೆ. ‘ಔ’ ಇನ್ನೂ ಖಾಲಿಯಾಗಿತ್ತು. ಅದರ ಮುಂದೆ ಬರೆದೆ: ಔಷಧಿಯ ಡಬ್ಬಿಯಲ್ಲಿ ಈಗ ಅಮ್ಮನ ಹರಿವೆಯ ಬೀಜ ಇದೆ, ಕರ್ತನೇ. ಮಳೆ ಬಿದ್ದ ಮೇಲೆ ಬಿತ್ತುತ್ತೇನೆ.